ಇಪ್ಪತ್ತು ಕಾಲೇಜುಗಳ ಪಟ್ಟಿ, ಮಾತಾಡದ ಮಗಳು: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನ್ಯೂಜೆರ್ಸಿಯಲ್ಲಿ ನೆಲೆಸಿರುವ ತಾಯಿಯೊಬ್ಬರು ಬರೆದಿದ್ದರು. ಮಗಳು ಸೆಪ್ಟೆಂಬರಿನಲ್ಲಿ ಹನ್ನೆರಡನೇ ತರಗತಿಗೆ ಹೋಗುತ್ತಾಳೆ. ಓದಿನಲ್ಲಿ ಜಾಣೆ, ಆದರೆ ಮುಂದೇನು ಎಂಬುದು ಅವಳಿಗಿನ್ನೂ ಖಚಿತವಿಲ್ಲ. ಭೂಪಟಗಳೆಂದರೆ ಬಲು ಇಷ್ಟ. ಶನಿವಾರಗಳಂದು ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತಾಳೆ. ಪತಿ ಇಪ್ಪತ್ತು ಕಾಲೇಜುಗಳ ಪಟ್ಟಿ ತಯಾರಿಸಿದ್ದಾರೆ. ಎಲ್ಲವೂ ರ‍್ಯಾಂಕಿಂಗ್‌ನಲ್ಲಿ ಮೇಲಿರುವವು. ಖಾಸಗಿ ಸಲಹೆಗಾರರೊಬ್ಬರು ಸಾವಿರಾರು ಡಾಲರ್ ಶುಲ್ಕ ಹೇಳಿದ್ದಾರೆ. ಎರಡು ವರ್ಷ ಕಿರಿಯ ಮಗನೊಬ್ಬನಿದ್ದಾನೆ. ಇರುವ ಉಳಿತಾಯ ಖಾಸಗಿ ಕಾಲೇಜಿನಲ್ಲಿ ಒಬ್ಬರ ಎರಡು ವರ್ಷದ ಓದಿಗೆ ಸಾಕಾದೀತು. ಬೆಂಗಳೂರು, ಮೈಸೂರುಗಳಿಂದ ನೆಂಟರು ಫೋನ್ ಮಾಡಿ ಹಾರ್ವರ್ಡ್ ಬಗ್ಗೆ ವಿಚಾರಿಸುತ್ತಾರೆ. ಮಗಳು "ನೀವೇ ತೀರ್ಮಾನಿಸಿ" ಎಂದಷ್ಟೇ ಹೇಳಿ ಕೋಣೆ ಸೇರುತ್ತಾಳೆ. ಮನೆಯ ನೆಮ್ಮದಿ ಕೆಡದಂತೆ ಈ ವರ್ಷವನ್ನು ದಾಟುವುದು ಹೇಗೆ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಉಳಿತಾಯದ ವಿಷಯ ಮಗಳಿಗೆ ಗೊತ್ತೇ?

ನಿಮ್ಮ ಪತ್ರ ಓದಿದವರೆಲ್ಲ ಇಪ್ಪತ್ತರ ಪಟ್ಟಿಯ ಬಗ್ಗೆಯೇ ಬರೆಯುತ್ತಾರೆ. ನಾನು ತಡೆದು ನಿಂತದ್ದು ಉಳಿತಾಯದ ಬಗ್ಗೆ ನೀವು ಬರೆದ ಒಂದೇ ಸಾಲಿನಲ್ಲಿ. ಆ ಸಾಲನ್ನು ಪತ್ರಿಕೆಯ ಓದುಗರಿಗೆ ಹೇಳಿದ್ದೀರಿ. ಮಗಳಿಗೆ ಹೇಳಿದ್ದೀರಾ? ಹದಿನೇಳು ವರ್ಷದವರಿಗೆ ಮನೆಯ ಹಣಕಾಸು ಅರ್ಥವಾಗದು ಎಂದು ನಾವು ತಿಳಿದಿರುತ್ತೇವೆ. ಅವರು ಮಾತ್ರ ಗೋಡೆಯಾಚೆಯಿಂದ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ಊಹಿಸಿಕೊಂಡಿರುತ್ತಾರೆ. ತನ್ನ ಓದಿಗೆ ಅಪ್ಪ ಅಮ್ಮ ಸಾಲ ಮಾಡುತ್ತಾರೆಂದು ಹೆದರುವ ಹುಡುಗಿ "ನೀವೇ ತೀರ್ಮಾನಿಸಿ" ಎನ್ನದೆ ಇನ್ನೇನು ಹೇಳಿಯಾಳು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ, ಸರಿ. ಈ ದೇಶದ ಕಾಲೇಜುಗಳ ವಿಷಯದಲ್ಲಿ ಹಾಸಿಗೆಯ ಉದ್ದವನ್ನು ನಾವೇ ಅಳೆಯಬೇಕು, ಅದೂ ಪ್ರತಿ ಕಾಲೇಜಿಗೂ ಬೇರೆಬೇರೆಯಾಗಿ. ಕೆಲವು ಖಾಸಗಿ ಕಾಲೇಜುಗಳ ವಾರ್ಷಿಕ ಒಟ್ಟು ವೆಚ್ಚ ಈಗ 90,000 ಡಾಲರ್ ದಾಟಿದೆ. ಆದರೆ ಜಾಲತಾಣದಲ್ಲಿ ಹಾಕಿದ ದರವೇ ಒಂದು, ಮನೆಗೆ ಬರುವ ಬಿಲ್ಲೇ ಇನ್ನೊಂದು. ಹಾರ್ವರ್ಡ್ 2025–26ರಿಂದ ವರ್ಷಕ್ಕೆ ಎರಡು ಲಕ್ಷ ಡಾಲರ್‌ವರೆಗೆ ಆದಾಯವಿರುವ, ಸಾಮಾನ್ಯ ಮಟ್ಟದ ಆಸ್ತಿಯ ಕುಟುಂಬಗಳಿಗೆ ಬೋಧನಾ ಶುಲ್ಕವನ್ನೇ ಬಿಟ್ಟಿದೆ. ಅದೇ ಕುಟುಂಬ, ಅಷ್ಟೇನೂ ಹೆಸರು ಕೇಳದ, ನಿಧಿ ಕಡಿಮೆಯಿರುವ ಖಾಸಗಿ ಕಾಲೇಜಿಗೆ ಅದರ ಹಲವು ಪಟ್ಟು ಕಟ್ಟಬೇಕಾಗಬಹುದು. ಇಬ್ಬರೂ ಒಳ್ಳೆಯ ಸಂಬಳಕ್ಕೆ ದುಡಿಯುವವರಾದರೆ ಲೆಕ್ಕ ತಲೆಕೆಳಗಾಗುತ್ತದೆ: ಹಾರ್ವರ್ಡ್ ಸೇರಿದ ಐವಿ ಲೀಗ್ ಎಂಬ ಹಳೆಯ ಖಾಸಗಿ ಕೂಟದ ಎಂಟು ಸಂಸ್ಥೆಗಳಲ್ಲಿ ಅಂಕ ನೋಡಿ ಕೊಡುವ ವಿದ್ಯಾರ್ಥಿವೇತನವೇ ಇಲ್ಲ, ಕುಟುಂಬದ ಅಗತ್ಯ ನೋಡಿ ಕೊಡುವ ನೆರವು ಮಾತ್ರ. ಆಗ ನಿಮ್ಮ ಮಗಳ ಅಂಕಗಳಿಗೆ ಬೆಲೆ ಕೊಡುವುದು ಎರಡನೆಯ ಸಾಲಿನ ಕಾಲೇಜುಗಳೇ.

ಅಳೆಯುವ ಸಾಧನವಿದೆ. ಫೆಡರಲ್ (ಕೇಂದ್ರ ಸರ್ಕಾರದ) ನೆರವು ಪಡೆಯುವ ಕಾಲೇಜುಗಳು, ನೆರವು ಕಳೆದು ನಿಮಗೆ ಬೀಳುವ ವೆಚ್ಚವನ್ನು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರನ್ನು ತಮ್ಮ ಜಾಲತಾಣದಲ್ಲಿ ಇಡಬೇಕೆಂಬುದು 2011ರ ಅಕ್ಟೋಬರಿನಿಂದ ಕಡ್ಡಾಯ. ತೆರಿಗೆಯ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಸಂಜೆ ಕುಳಿತುಕೊಳ್ಳಿ. ಅಂಕಿಗಳನ್ನು ತುಂಬುವ ಕೆಲಸ ಮಗಳದ್ದಾಗಲಿ. ಈ ಪತ್ರದಲ್ಲಿ ನೀವು ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಸ್ವಂತ ವ್ಯಾಪಾರ ಅಥವಾ ಬಾಡಿಗೆಗೆ ಕೊಟ್ಟ ಮನೆ ಇದ್ದರೆ ಈ ಲೆಕ್ಕ ಏರುಪೇರಾಗುವುದುಂಟು. ಹಾಗಿದ್ದಲ್ಲಿ ಕಾಲೇಜಿನ ನೆರವಿನ ಕಚೇರಿಗೆ ನೇರವಾಗಿ ಬರೆದು ಕೇಳಿ.

ಮಗ ಎರಡು ವರ್ಷ ಕಿರಿಯ ಎಂದಿರಿ. ಇಬ್ಬರು ಒಟ್ಟಿಗೆ ಕಾಲೇಜಿನಲ್ಲಿದ್ದರೆ ನೆರವು ಹೆಚ್ಚುತ್ತದೆಂದು ಹಳೆಯ ಸ್ನೇಹಿತರು ಭರವಸೆ ಕೊಟ್ಟಾರು. ಅದು ಹಿಂದಿನ ಕಥೆ. 2024–25ರಿಂದ ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ಲೆಕ್ಕದಲ್ಲಿ ಆ ರಿಯಾಯಿತಿ ಇಲ್ಲ. ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನೆರವಿನ ಅರ್ಜಿ ಕೇಳುವ ಖಾಸಗಿ ಕಾಲೇಜುಗಳಲ್ಲಿ ಕೆಲವು ಇನ್ನೂ ಅದನ್ನು ಪರಿಗಣಿಸುತ್ತವೆ. ಸಾಲದ ಮಾತಿಗೆ ಬಂದರೆ, ನಿಮ್ಮನ್ನು ಅವಲಂಬಿಸಿರುವ ವಿದ್ಯಾರ್ಥಿನಿ ತನ್ನ ಹೆಸರಿನಲ್ಲಿ ಮೊದಲ ವರ್ಷ ಪಡೆಯಬಹುದಾದ ಫೆಡರಲ್ ಸಾಲ 5,500 ಡಾಲರ್, ನಾಲ್ಕು ವರ್ಷಕ್ಕೆ ಒಟ್ಟು 27,000. ಪೋಷಕರು ತಮ್ಮ ಹೆಸರಿನಲ್ಲಿ ಪಡೆಯುವ ಫೆಡರಲ್ ಪ್ಲಸ್ ಸಾಲಕ್ಕೆ ಹೊಸ ಕಾನೂನು ಮಿತಿ ಹಾಕಿದೆ: 2026ರ ಜುಲೈನಿಂದ ಮಗುವೊಂದಕ್ಕೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್. ಅದರಾಚೆ ಬ್ಯಾಂಕಿನ ಖಾಸಗಿ ಸಾಲ, ಅದಕ್ಕೆ ನಿಮ್ಮ ರುಜು. ಅಲ್ಲಿಗೆ ಕಾಲಿಡದಿರಿ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಇನ್ನೂ ಒಬ್ಬನಿದ್ದಾನೆ.

ಮಕ್ಕಳ ಓದಿಗೆಂದು ಉಳಿಸುವ 529 ಖಾತೆಯಲ್ಲಿ ಹಣವಿದ್ದರೆ, ಉಳಿದದ್ದನ್ನು ತಮ್ಮನ ಹೆಸರಿಗೆ ಬದಲಿಸಬಹುದು ಎಂಬುದು ಮಗಳಿಗೆ ತಿಳಿದಿರಲಿ. ಅಕ್ಕ ಕಡಿಮೆ ಖರ್ಚಿನ ಕಾಲೇಜು ಆರಿಸಿದರೆ ಅದು ಅವಳ ಸೋಲೂ ಅಲ್ಲ, ತ್ಯಾಗವೂ ಅಲ್ಲ. ಮನೆಯ ಲೆಕ್ಕಾಚಾರ, ಅಷ್ಟೆ. ನಿಮ್ಮ ರಾಜ್ಯದಲ್ಲಿ ಎನ್‌ಜೆ ಸ್ಟಾರ್ಸ್ ಎಂಬ ಯೋಜನೆಯೂ ಇದೆ. ತರಗತಿಯ ಮೇಲಿನ ಶೇ 15ರೊಳಗಿದ್ದು ಉಳಿದ ಷರತ್ತುಗಳನ್ನು ಪೂರೈಸುವವರಿಗೆ ಕೌಂಟಿಯ (ಜಿಲ್ಲೆಯ) ಎರಡು ವರ್ಷದ ಸಮುದಾಯ ಕಾಲೇಜಿನಲ್ಲಿ ಬೋಧನಾ ಶುಲ್ಕವಿಲ್ಲ. ಅಲ್ಲಿಂದ ನಾಲ್ಕು ವರ್ಷದ ಕಾಲೇಜಿಗೆ ಹೋಗಬಹುದು. ನಮ್ಮವರಲ್ಲಿ ಈ ದಾರಿಯ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ, ಗೊತ್ತು. ಆದರೂ ಎತ್ತಿದ್ದೇನೆ.

— ಇಬ್ಬರು ಮಕ್ಕಳ ತಂದೆ, ಪಿಟ್ಸ್‌ಬರ್ಗ್

ಪಟ್ಟಿಯಲ್ಲಿ ಭೂಪಟ ಎಲ್ಲಿದೆ?

ಅಕ್ಕಾ, ನಾನು ಭೂಪಟ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು. ಹೀಗಾಗಿ ನಿಮ್ಮ ಪತ್ರದಲ್ಲಿ ಆ ಒಂದು ಪದ ಕಂಡೊಡನೆ ಪೆನ್ನು ಹಿಡಿದೆ.

ನಿಮ್ಮವರ ಪಟ್ಟಿಯಲ್ಲಿ ಯಾವ ಕಾಲೇಜುಗಳಿವೆ ಎಂದು ನೀವು ಬರೆದಿಲ್ಲ. ಮೇಲಿನ ಇಪ್ಪತ್ತು ಎಂದ ಮೇಲೆ ಊಹಿಸುವುದು ಕಷ್ಟವಲ್ಲ. ಅವುಗಳಲ್ಲಿ ಬಹುಪಾಲು ಕಡೆ ಭೂಗೋಳದ ವಿಭಾಗವೇ ಇಲ್ಲ! ಹಾರ್ವರ್ಡ್ ತನ್ನ ಭೂಗೋಳ ವಿಭಾಗವನ್ನು 1948ರಲ್ಲಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಇಡೀ ಐವಿ ಲೀಗ್‌ನಲ್ಲಿ ಇಂದು ಅಂಥದೊಂದು ವಿಭಾಗ ಉಳಿದಿರುವುದು ಡಾರ್ಟ್‌ಮತ್‌ನಲ್ಲಿ ಮಾತ್ರ. ಇನ್ನೊಂದು ಕಡೆ, ರ‍್ಯಾಂಕಿಂಗ್‌ನಲ್ಲಿ ಕೆಳಗೆಲ್ಲೋ ಸಿಗುವ ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ 1921ರಿಂದ ಭೂಗೋಳದ ಸ್ನಾತಕೋತ್ತರ ಶಾಲೆ ನಡೆಯುತ್ತಿದೆ. ನಾನಿರುವ ಮ್ಯಾಡಿಸನ್, ಪೆನ್ ಸ್ಟೇಟ್, ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಇವೆಲ್ಲ ಈ ವಿಷಯದಲ್ಲಿ ಘಟಾನುಘಟಿಗಳು. ನಿಮ್ಮ ಮನೆಯ ಹತ್ತಿರದ ರಟ್ಗರ್ಸ್‌ನಲ್ಲಿಯೂ ಭೂಗೋಳಕ್ಕೆ ಪ್ರತ್ಯೇಕ ವಿಭಾಗವಿದೆ. ಮಗಳನ್ನು ಕೇಂದ್ರದಲ್ಲಿಟ್ಟು ಪಟ್ಟಿ ಮಾಡಿದ್ದರೆ ಈ ಹೆಸರುಗಳು ಮೊದಲು ಬರುತ್ತಿದ್ದವು.

ಹಾಗೆಂದು ಅವಳು ಭೂಗೋಳವನ್ನೇ ಓದಬೇಕೆಂದು ನಾನು ಹೇಳುತ್ತಿಲ್ಲ. ಹದಿನೇಳರ ಪ್ರೀತಿ ಹತ್ತೊಂಬತ್ತಕ್ಕೆ ಬೇರೆ ರೂಪ ತಾಳಬಹುದು. ನಗರ ಯೋಜನೆಯಾಗಬಹುದು, ಸಾಂಕ್ರಾಮಿಕ ರೋಗಗಳ ಅಧ್ಯಯನವಾಗಬಹುದು, ಅಂಕಿಅಂಶವಾಗಬಹುದು. ಅವಳಿಗೆ ಭೂಪಟದಲ್ಲಿ ಇಷ್ಟವಾಗುವುದೇನು ಎಂದು ಕೇಳಿದ್ದೀರಾ? ಗೆರೆ ಬಣ್ಣಗಳೇ, ಗಡಿಗಳ ಜಗಳವೇ, ನದಿ ಬೆಟ್ಟಗಳೇ, ಅಥವಾ ಒಂದೇ ಹಾಳೆಯಲ್ಲಿ ಅಷ್ಟೊಂದು ಮಾಹಿತಿ ಹಿಡಿಸುವ ಜಾಣ್ಮೆಯೇ? ನಾಲ್ಕು ಉತ್ತರಗಳು ನಾಲ್ಕು ಬೇರೆ ವಿಭಾಗಗಳ ಬಾಗಿಲಿಗೆ ಕರೆದೊಯ್ಯುತ್ತವೆ. ಹೊಟ್ಟೆಪಾಡಿನ ಚಿಂತೆ ನಿಮ್ಮವರಿಗಿದ್ದರೆ ಹೇಳಿ: ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರ, ಬಲ್ಲವರಿಗೆ ಪ್ರವಾಹದ ನಕ್ಷೆ, ವಿದ್ಯುತ್ ಮಾರ್ಗ, ಆಂಬುಲೆನ್ಸ್ ಕಳುಹಿಸುವ ವ್ಯವಸ್ಥೆ, ಬೆಳೆ ವಿಮೆ ಎಂದು ಎಲ್ಲೆಡೆ ಕೆಲಸವಿದೆ. ನನ್ನ ಕಚೇರಿಯಲ್ಲಿ ಯಾರು ಯಾವ ಕಾಲೇಜಿನಿಂದ ಬಂದವರೆಂಬುದು ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಒಂದು ಎಚ್ಚರಿಕೆ. ಸುಲಭದ ವಿಷಯ ತೋರಿಸಿ ಒಳಗೆ ಹೋಗಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಹಾರಿದರಾಯಿತು ಎಂಬ ಉಪಾಯ ನಮ್ಮ ಗೆಳೆಯರ ಬಳಗದಲ್ಲಿ ಬಹಳ ಓಡಾಡುತ್ತದೆ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅನೇಕ ಕಡೆ ಆ ಬಾಗಿಲಿಗೆ ಒಳಗಿನಿಂದ ಬೀಗವಿದೆ. ಯಾವ ವಿಭಾಗದಿಂದ ಯಾವ ವಿಭಾಗಕ್ಕೆ ಬದಲಾಗಬಹುದು ಎಂಬುದನ್ನು ಅರ್ಜಿ ಹಾಕುವ ಮೊದಲೇ ಓದಿ ತಿಳಿಯಿರಿ. ಏನನ್ನೂ ನಿರ್ಧರಿಸದೆ ಹೋಗುವುದೇ ನಿಮ್ಮ ಮಗಳ ಇಷ್ಟವಾದರೆ, ನಿರ್ಧರಿಸಲು ಬಿಡುವ ಕಾಲೇಜನ್ನೇ ಹುಡುಕಿ.

ಕಾಲೇಜು ನೋಡಲು ಹೋದಾಗ ಹಿಂದಕ್ಕೆ ನಡೆಯುತ್ತ ವಿವರಿಸುವ ಮಾರ್ಗದರ್ಶಕರ ಜೊತೆ ಕಟ್ಟಡ ಸುತ್ತಿದರೆ ಎಲ್ಲ ಕಾಲೇಜುಗಳೂ ಒಂದೇ ಥರ ಕಾಣುತ್ತವೆ. ಅಪ್ಪಣೆ ಕೇಳಿ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಅವಳು ಕುಳಿತುಕೊಳ್ಳಲಿ. ನೀವು ಹೊರಗೆ ಕಾಫಿ ಕುಡಿಯುತ್ತಿರಿ.

— ನಕ್ಷಾ ತಂತ್ರಜ್ಞೆ, ಮ್ಯಾಡಿಸನ್, ವಿಸ್ಕಾನ್ಸಿನ್

ಪತಿಯ ಪರವಾಗಿ ಎರಡು ಮಾತು

ಇಲ್ಲಿ ಎಲ್ಲರೂ ಪತಿರಾಯರಿಗೆ ಬುದ್ಧಿ ಹೇಳುತ್ತಾರೆಂದು ಬಲ್ಲೆ. ನಾನು ಅವರ ಪಕ್ಷ. ನಾವು ಬೆಳೆದದ್ದು ಒಂದು ಪರೀಕ್ಷೆ, ಒಂದು ರ‍್ಯಾಂಕ್, ಒಂದು ಸೀಟು ಎಂಬ ಏರ್ಪಾಟಿನಲ್ಲಿ. ಆ ರ‍್ಯಾಂಕೇ ನಮ್ಮನ್ನು ಹಳ್ಳಿಯಿಂದ ಇಲ್ಲಿಯವರೆಗೆ ತಂದದ್ದು. ಅಂಥ ಮನುಷ್ಯ ಮಗಳಿಗಾಗಿ ರ‍್ಯಾಂಕ್ ನೋಡಿ ಪಟ್ಟಿ ಮಾಡಿದರೆ ಅದು ಅವನಿಗೆ ತಿಳಿದಿರುವ ಪ್ರೀತಿ. ಅದನ್ನು ಪ್ರತಿಷ್ಠೆ ಎಂದು ಕರೆಯುವುದು ಅನ್ಯಾಯ.

ಹೆಸರಾಂತ ಕಾಲೇಜಿನಿಂದ ಪ್ರಯೋಜನವೇ ಇಲ್ಲ ಎನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಉದಾಹರಿಸುತ್ತಾರೆ. ಒಂದೇ ಬಗೆಯ ಕಾಲೇಜುಗಳಿಂದ ಕರೆ ಬಂದ ವಿದ್ಯಾರ್ಥಿಗಳಲ್ಲಿ, ಹೆಚ್ಚು ಪ್ರತಿಷ್ಠೆಯ ಕಡೆ ಹೋದವರ ಮತ್ತು ಹೋಗದವರ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಬಡ ಕುಟುಂಬದವರ ವಿಷಯ ಬಿಟ್ಟರೆ, ಎಂಬುದು ಅದರ ಸಾರ. ನಿಜ. ಆದರೆ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್ಮನ್ 2023ರಲ್ಲಿ ಮಾಡಿದ ಅಧ್ಯಯನ ಚಿತ್ರವನ್ನು ತುಸು ತಿದ್ದಿತು. ಸರಾಸರಿ ಗಳಿಕೆಯಲ್ಲಿ ಅಂತರ ಅತ್ಯಲ್ಪವೇ. ಗಳಿಕೆಯ ತುತ್ತತುದಿಯ ಶೇ 1ರಲ್ಲಿ ಸೇರುವ ಸಾಧ್ಯತೆ ಮಾತ್ರ ಐವಿ ಲೀಗ್ ಮತ್ತು ಅದರ ಸರಿಸಾಟಿ ಕಾಲೇಜುಗಳಿಗೆ ಹೋದವರಿಗೆ ಸುಮಾರು ಅರ್ಧದಷ್ಟು ಹೆಚ್ಚು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಹುಡುಗಿಗೆ ಆ ತುದಿ ಬೇಕೇ ಎಂಬುದು ಬೇರೆ ಮಾತು.

ಆದ್ದರಿಂದ ಪಟ್ಟಿಯನ್ನು ಹರಿದು ಹಾಕಬೇಡಿ, ಮೂರಕ್ಕೆ ಇಳಿಸಿ. ಆ ಮೂರೂ ಏಕೆ ಎಂದು ನಿಮ್ಮವರು ರ‍್ಯಾಂಕ್ ಎಂಬ ಪದವನ್ನು ಬಳಸದೆ ಮಗಳಿಗೆ ವಿವರಿಸಲಿ. ಅಷ್ಟಕ್ಕೂ ಆ ರ‍್ಯಾಂಕ್ ಎಲ್ಲಿಂದ ಬರುತ್ತದೆ? 1983ರಿಂದ ಇದನ್ನು ನಡೆಸುತ್ತ ಬಂದಿರುವ ಯು.ಎಸ್. ನ್ಯೂಸ್ ಪತ್ರಿಕೆ, ಬೇರೆ ಕಾಲೇಜುಗಳ ಅಧ್ಯಕ್ಷರು ಮತ್ತು ಡೀನ್‌ಗಳ ಅಭಿಪ್ರಾಯಕ್ಕೆ ಐದನೇ ಒಂದು ಪಾಲು ತೂಕ ಕೊಡುತ್ತದೆ. 2022ರಲ್ಲಿ ಕೊಲಂಬಿಯಾ ಎರಡನೇ ಸ್ಥಾನದಿಂದ ಹದಿನೆಂಟಕ್ಕೆ ಇಳಿಯಿತು. ಅಲ್ಲಿನ ಗಣಿತದ ಪ್ರಾಧ್ಯಾಪಕರೇ ಸಂಸ್ಥೆ ಕೊಟ್ಟ ಅಂಕಿಗಳನ್ನು ಪ್ರಶ್ನಿಸಿದ್ದರು. ಪಾಠ ಹೇಳುವವರು ಅವರೇ, ತರಗತಿಗಳು ಅವೇ, ಇಳಿದದ್ದು ಹದಿನಾರು ಮೆಟ್ಟಿಲು.

ಲೆಕ್ಕ ಇಷ್ಟಪಡುವ ಅಪ್ಪನಿಗೆ ಇನ್ನೂ ಒಳ್ಳೆಯ ಆಟಿಕೆಯೊಂದಿದೆ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಪ್ರಕಟಿಸುತ್ತವೆ. ಅದರ ಸಿ7 ಎಂಬ ಭಾಗದಲ್ಲಿ ಅಂಕ, ಪ್ರಬಂಧ, ಶಿಫಾರಸು, ಅರ್ಜಿದಾರರು ತೋರಿದ ಆಸಕ್ತಿ, ಇವುಗಳಲ್ಲಿ ತಾನು ಯಾವುದಕ್ಕೆ ಎಷ್ಟು ಮಹತ್ವ ಕೊಡುತ್ತೇನೆಂದು ಕಾಲೇಜೇ ಬರೆದಿರುತ್ತದೆ. ಎಚ್ ಭಾಗದಲ್ಲಿ ನೆರವಿನ ಅಂಕಿಗಳಿರುತ್ತವೆ. ಸಲಹೆಗಾರರಿಗೆ ಸಾವಿರಾರು ಡಾಲರ್ ಕೊಡುವ ಮೊದಲು ಅವರು ಇದನ್ನೊಮ್ಮೆ ಓದಲಿ.

— ನಿವೃತ್ತ ಎಂಜಿನಿಯರ್, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಫೋನ್ ಮಾಡುವವರಿಗೆ

ಮಗಳೇ, ಹಾರ್ವರ್ಡ್ ಎಲ್ಲಿದೆ ಎಂದು ಫೋನ್ ಮಾಡಿದವರನ್ನೇ ತಿರುಗಿ ಕೇಳು. ನನ್ನ ಬಳಗದಲ್ಲಿ ಪರೀಕ್ಷಿಸಿದ್ದೇನೆ, ನ್ಯೂಯಾರ್ಕ್ ಎಂದವರೇ ಹೆಚ್ಚು. "ಅರ್ಜಿ ಹಾಕುತ್ತಿದ್ದಾಳೆ, ಏಪ್ರಿಲ್‌ನಲ್ಲಿ ತಿಳಿಯುತ್ತದೆ" ಎಂಬ ಒಂದೇ ಉತ್ತರವನ್ನು ಎಲ್ಲರಿಗೂ ಹೇಳು. ಏಪ್ರಿಲ್ ಹೊತ್ತಿಗೆ ಅವರು ಇನ್ನಾರದೋ ಮಗಳ ಮದುವೆಯ ಚಿಂತೆಯಲ್ಲಿರುತ್ತಾರೆ.

— ಮೂವರು ಮೊಮ್ಮಕ್ಕಳ ಅಜ್ಜಿ, ಮೈಸೂರು

ಅರ್ಜಿ ಓದುವವರ ಮೇಜಿನಿಂದ

ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಅರ್ಜಿ ಓದುವ ಕೆಲಸ ಮಾಡುತ್ತಿದ್ದೆ. ಆ ಕೊಠಡಿಯಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ಹೊರಗೆ ಕೇಳಿಬರುವ ಕಥೆಗಳಿಗೆ ಲೆಕ್ಕವಿಲ್ಲ.

ಮೊದಲು ತೆರೆಯುವುದು ಅಂಕಪಟ್ಟಿ, ಅದರ ಪಕ್ಕದಲ್ಲಿ ಶಾಲೆಯ ಪರಿಚಯಪತ್ರ. ನಿಮ್ಮ ಶಾಲೆಯಲ್ಲಿ ಯಾವ ಕಠಿಣ ವಿಷಯಗಳನ್ನು ಕಲಿಸುತ್ತಾರೆ, ಅವುಗಳಲ್ಲಿ ನಿಮ್ಮ ಮಗಳು ಯಾವುದನ್ನು ತೆಗೆದುಕೊಂಡಳು ಎಂದು ನೋಡುತ್ತೇವೆ. ಶಾಲೆಯಲ್ಲಿ ಇಲ್ಲದ್ದನ್ನು ಓದಲಿಲ್ಲವೆಂದು ಯಾರೂ ಅಂಕ ಕಳೆಯುವುದಿಲ್ಲ. ಹನ್ನೆರಡನೇ ತರಗತಿಯ ವಿಷಯಗಳನ್ನೂ ನೋಡುತ್ತೇವೆ, ಆದ್ದರಿಂದ ಈ ವರ್ಷ ಹಗುರ ಮಾಡಿಕೊಳ್ಳುವುದು ಬೇಡ. ಒಂದು ಅರ್ಜಿಗೆ ಸಿಗುವುದು ಕೆಲವೇ ನಿಮಿಷ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಪಠ್ಯೇತರ ಚಟುವಟಿಕೆಗೆ ಹತ್ತು ಸ್ಥಳಗಳಿವೆ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಹತ್ತನ್ನೂ ತುಂಬಲೇಬೇಕೆಂದು ಹುಟ್ಟಿಸಿಕೊಂಡ ಸಂಘ ಸಂಸ್ಥೆಗಳನ್ನು ಎಷ್ಟು ಓದಿದ್ದೇನೋ! ಹನ್ನೊಂದನೇ ತರಗತಿಯ ಬೇಸಿಗೆಯಲ್ಲಿ ಹುಟ್ಟಿ ಡಿಸೆಂಬರಿನಲ್ಲಿ ಕಣ್ಣುಮುಚ್ಚುವ ಸೇವಾ ಸಂಸ್ಥೆಗಳು ಅವು. ವರ್ಷಗಟ್ಟಲೆ ಶನಿವಾರ ಬಿಡದೆ ಗ್ರಂಥಾಲಯಕ್ಕೆ ಹೋದ ಹುಡುಗಿ ಆ ಗುಂಪಿನಲ್ಲಿ ಎದ್ದು ಕಾಣುತ್ತಾಳೆ. ಅದನ್ನು ಸಣ್ಣ ಕೆಲಸವೆಂದು ಪಟ್ಟಿಯ ಕೊನೆಗೆ ತಳ್ಳಬೇಡಿ.

ಪ್ರಬಂಧದ ಮಿತಿ 650 ಪದ. ನಮ್ಮ ಕುಟುಂಬಗಳಿಂದ ಬರುವ ಪ್ರಬಂಧಗಳಲ್ಲಿ ಅಪ್ಪ ಅಮ್ಮ ಎರಡು ಸೂಟ್‌ಕೇಸ್ ಹಿಡಿದು ಬಂದ ಕಥೆ ಬಹಳ. ಒಳ್ಳೆಯ ಕಥೆಯೇ, ಆದರೆ ಅರ್ಜಿ ಹಾಕುತ್ತಿರುವವರು ಅಪ್ಪ ಅಮ್ಮ ಅಲ್ಲ. ಪುಸ್ತಕವನ್ನು ತಪ್ಪು ಕಪಾಟಿನಲ್ಲಿಟ್ಟ ಓದುಗರ ಬಗ್ಗೆ ಅವಳಿಗೆ ಬರುವ ಸಿಟ್ಟನ್ನು ಬರೆದರೂ ನಾನು ಮನಸ್ಸಿಟ್ಟು ಓದುತ್ತೇನೆ. ಮೂವರು ದೊಡ್ಡವರು ತಿದ್ದಿ ತೀಡಿದ ಪ್ರಬಂಧ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ.

ಇಪ್ಪತ್ತರ ಬಗ್ಗೆ. ಕಾಮನ್ ಆ್ಯಪ್‌ನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕಾಲೇಜುಗಳನ್ನು ಸೇರಿಸಲು ಬರುವುದಿಲ್ಲ. ನಿಮ್ಮವರು ಅಲ್ಲಿಗೇ ನಿಲ್ಲಿಸಿದ್ದರ ಕಾರಣ ಅದೇ ಇರಬೇಕು. ನೂರರಲ್ಲಿ ನಾಲ್ವರನ್ನು ತೆಗೆದುಕೊಳ್ಳುವ ಇಪ್ಪತ್ತು ಕಡೆ ಅರ್ಜಿ ಹಾಕಿದರೆ ಒಂದಾದರೂ ಸಿಕ್ಕೀತು ಎಂಬ ಗಣಿತ ಇಲ್ಲಿ ನಡೆಯದು. ಒಂದು ಕಡೆ ಕೊರತೆಯಾಗಿ ಕಂಡದ್ದು ಮುಂದಿನ ಕಡೆಯೂ ಕೊರತೆಯೇ. ಜೊತೆಗೆ ಇಂಥ ಕಾಲೇಜುಗಳಲ್ಲಿ ಹೆಚ್ಚಿನವು ತಮ್ಮದೇ ಹೆಚ್ಚುವರಿ ಪ್ರಬಂಧಗಳನ್ನು ಕೇಳುತ್ತವೆ. ಇಪ್ಪತ್ತು ಕಾಲೇಜಿಗೆ ಹತ್ತಾರು ಪ್ರಬಂಧ, ಅದೂ ಶಾಲೆಯ ಓದಿನ ನಡುವೆ. ಹದಿನೈದನೆಯದನ್ನು ಓದುವವರಿಗೆ ಬರೆದವಳ ಸುಸ್ತು ಕಾಣುತ್ತದೆ. ಎಂಟರಿಂದ ಹತ್ತು ಸಾಕು. ಪಟ್ಟಿಯನ್ನು ಕೆಳಗಿನಿಂದ ಕಟ್ಟಿ: ಸೀಟು ಸಿಗುವುದು ಬಹುತೇಕ ಖಚಿತವಿರುವ, ನಿಮ್ಮ ಕೈಗೆಟುಕುವ, ಅವಳು ಸಂತೋಷದಿಂದ ಹೋಗುವ ಎರಡು ಕಾಲೇಜುಗಳು ಮೊದಲು. ಮೂರೂ ಗುಣ ಇಲ್ಲದ್ದು ಆ ಜಾಗಕ್ಕೆ ಬರಕೂಡದು. ಇವನ್ನು ಹುಡುಕುವುದೇ ಕಷ್ಟದ ಕೆಲಸ, ಮೇಲಿನವು ಎಲ್ಲರಿಗೂ ಬಾಯಿಪಾಠ.

ಅರ್ಲಿ ಡಿಸಿಷನ್ ಬಗ್ಗೆ ಆ ಸಲಹೆಗಾರರು ಉತ್ಸಾಹದಿಂದ ಹೇಳಿರುತ್ತಾರೆ. ಸಾಮಾನ್ಯವಾಗಿ ನವೆಂಬರ್ 1ರೊಳಗೆ ಅರ್ಜಿ, ಡಿಸೆಂಬರ್ ನಡುವೆ ಉತ್ತರ, ಸಿಕ್ಕರೆ ಹೋಗಲೇಬೇಕು. ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ಆದರೆ ಬೇರೆ ಕಾಲೇಜುಗಳ ನೆರವಿನ ಪತ್ರಗಳನ್ನು ಕೈಯಲ್ಲಿ ಹಿಡಿದು ಹೋಲಿಸುವ ಅವಕಾಶ ಹೋಯಿತು. ನಿಮ್ಮ ಉಳಿತಾಯದ ಸ್ಥಿತಿಯಲ್ಲಿ ಅದು ದುಬಾರಿ ಬಿಟ್ಟುಕೊಡುವಿಕೆ. ಕಟ್ಟುಪಾಡಿಲ್ಲದ ಅರ್ಲಿ ಆ್ಯಕ್ಷನ್ ಇರುವ ಕಡೆ ಧಾರಾಳವಾಗಿ ಹಾಕಿ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ವಿಷಯದಲ್ಲಿ ಪ್ರತಿ ಕಾಲೇಜಿನ ಈ ವರ್ಷದ ನಿಯಮ ಓದಿ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ ಅದೇ ತೀರ್ಮಾನ ಪ್ರಕಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕ ಕಳುಹಿಸಿದರೂ ಪ್ರವೇಶಕ್ಕೆ ನೋಡುವುದಿಲ್ಲ.

ಖಾಸಗಿ ಸಲಹೆಗಾರರಲ್ಲಿ ಪ್ರಾಮಾಣಿಕರು ಬೇಕಾದಷ್ಟು ಜನ ಇದ್ದಾರೆ. ಸೀಟು ಖಚಿತ ಎನ್ನುವವರ ಬಳಿ ಮಾತ್ರ ಹೋಗಬೇಡಿ. 2019ರ ಮಾರ್ಚ್‌ನಲ್ಲಿ ಬಯಲಾದ ಪ್ರವೇಶ ಹಗರಣದ ಕೇಂದ್ರದಲ್ಲಿದ್ದವನೂ ಅಂಥದೇ ಭರವಸೆ ಮಾರುತ್ತಿದ್ದ ಸಲಹೆಗಾರ.

— ಮಾಜಿ ಅರ್ಜಿ ಪರಿಶೀಲಕಿ, ಮಿಷಿಗನ್

ವೀಸಾ ಯಾವುದು?

ನಿಮ್ಮ ಪತ್ರದಲ್ಲಿ ಇದರ ಪ್ರಸ್ತಾಪವಿಲ್ಲ. ಗ್ರಂಥಾಲಯದ ಕೆಲಸ ಸಂಬಳದ್ದಾಗಿದ್ದರೆ ನಿಮ್ಮ ಮಗಳದ್ದು ಎಚ್4 (ಎಚ್1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ, ಮಕ್ಕಳು ದುಡಿಯುವಂತಿಲ್ಲದ ವೀಸಾ) ಅಲ್ಲ ಎಂದು ತಿಳಿಯುತ್ತೇನೆ, ಮುಂದಿನದನ್ನು ಓದಬೇಕಿಲ್ಲ. ಸ್ವಯಂಸೇವೆಯಾಗಿದ್ದು, ನೀವಿನ್ನೂ ಎಚ್1ಬಿಯಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದರೆ, ಮೇಲಿನವರು ಹೇಳಿದ ಅರ್ಧಕ್ಕರ್ಧ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಎಚ್4ನಲ್ಲಿರುವ ಮಕ್ಕಳಿಗೆ ಫೆಡರಲ್ ನೆರವಿಲ್ಲ, ಫೆಡರಲ್ ಸಾಲವೂ ಇಲ್ಲ. ರಾಜ್ಯದವರಿಗಿರುವ ಕಡಿಮೆ ಶುಲ್ಕ ಸಿಗುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕಾಲೇಜಿನ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಕೆಲವು ಕಾಲೇಜುಗಳು ನೆರವಿನ ಮಟ್ಟಿಗೆ ಇವರನ್ನು ವಿದೇಶಿ ವಿದ್ಯಾರ್ಥಿಗಳೆಂದೇ ಎಣಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಡೆ ಪೌರತ್ವ ಯಾವುದೇ ಇರಲಿ, ನೆರವು ಕೇಳಿದ್ದು ಪ್ರವೇಶಕ್ಕೆ ಅಡ್ಡಿಯಾಗದು, ಅಗತ್ಯದ ನೆರವೂ ಪೂರ್ತಿ ಸಿಗುತ್ತದೆ. ಇಲ್ಲಿಯೇ ಬೆಳೆದ ಮಗು 21 ತುಂಬಿದೊಡನೆ ಎಚ್4 ಕಳೆದುಕೊಳ್ಳುತ್ತದೆ, ಅಂದರೆ ಕಾಲೇಜಿನ ನಡುವೆ. ಎಫ್1 ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸುವ ಬಗ್ಗೆ ವಕೀಲರೊಬ್ಬರ ಜೊತೆ ಈಗಲೇ ಮಾತನಾಡಿ. ಪ್ರವೇಶ ಸಲಹೆಗಾರರಿಗೆ ಕೊಡುವ ಹಣದಲ್ಲಿ ಇದಕ್ಕೆ ಕೊಟ್ಟರೆ ಸಾರ್ಥಕ.

— ಎಚ್1ಬಿ ಕುಟುಂಬದವರು, ನೇಪರ್‌ವಿಲ್, ಇಲಿನಾಯ್

ಭಾನುವಾರ ಒಂದು ಗಂಟೆ

ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರತಿ ಶರತ್ಕಾಲದಲ್ಲಿ ನಿಮ್ಮ ಮಗಳಂಥವರು ನನ್ನ ತರಗತಿಯಲ್ಲಿ ನಾಲ್ಕೈದು ಜನ ಇರುತ್ತಾರೆ. ಮನೆಯಲ್ಲಿ ಊಟಕ್ಕೆ ಕುಳಿತರೆ ಕಾಲೇಜು, ಕಾರಿನಲ್ಲಿ ಕಾಲೇಜು, ದೇವಸ್ಥಾನದ ಮೆಟ್ಟಿಲ ಮೇಲೂ ಕಾಲೇಜು. ಅವರು ಮನೆಯಲ್ಲಿ ಮಾತು ನಿಲ್ಲಿಸಿ ನಮ್ಮಂಥವರ ಬಳಿ ಬಂದು ಮಾತನಾಡುತ್ತಾರೆ. ಶಾಲೆಯ ಕೌನ್ಸೆಲರ್ ಬಳಿ ಮಗಳು ಏನು ಹೇಳಿದ್ದಾಳೆ ಎಂದು ತಿಳಿಯಲು ಅವಳ ಒಪ್ಪಿಗೆ ಪಡೆದು ಒಮ್ಮೆ ಭೇಟಿಯಾಗಿ. ನಿಮಗೆ ಆಶ್ಚರ್ಯ ಕಾದಿರಬಹುದು.

ಮನೆಯಲ್ಲಿ ಒಂದು ನಿಯಮ ಮಾಡಿ. ಕಾಲೇಜಿನ ಮಾತು ಭಾನುವಾರ ಸಂಜೆ ಒಂದು ಗಂಟೆ ಮಾತ್ರ. ಆ ಗಂಟೆಯಲ್ಲಿ ಮೊದಲು ಮಾತನಾಡುವವಳು ಅವಳು, ಪಟ್ಟಿಯ ಹಾಳೆ ಇರುವುದೂ ಅವಳ ಕೈಯಲ್ಲಿ. ಅಪ್ಪನಿಗೆ ವಾರವಿಡೀ ಹೊಳೆದದ್ದೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಮೊದಲ ಎರಡು ವಾರ ಅವಳು ಏನೂ ಹೇಳದಿದ್ದರೆ ಗಂಟೆ ಮುಗಿಯುವ ಮೊದಲೇ ಏಳಿ, ಒತ್ತಾಯ ಬೇಡ. ಕೊನೆಯ ದಿನಾಂಕಗಳ ಜವಾಬ್ದಾರಿ ಅವಳದು. ಹಣದ ನಮೂನೆಗಳು ನಿಮ್ಮವು. ಶಿಫಾರಸು ಪತ್ರ ಕೊಡುವ ಶಿಕ್ಷಕರನ್ನು ಅವಳು ಇನ್ನೂ ಕೇಳಿಲ್ಲದಿದ್ದರೆ ಶಾಲೆ ತೆರೆದ ಮೊದಲ ವಾರವೇ ಕೇಳಲಿ. ಅಕ್ಟೋಬರ್ ಕೊನೆಯಲ್ಲಿ ಓಡಿ ಬರುವವರಿಗೆ ನಾನು ಬರೆಯುವ ಪತ್ರವೂ ಓಡುತ್ತಲೇ ಬರೆದದ್ದಾಗಿರುತ್ತದೆ.

ಇನ್ನು ಮಾರ್ಚ್ ಕೊನೆ. ಉತ್ತರಗಳು ಬರುವ ಆ ಸಂಜೆ ಅವಳು ಒಬ್ಬಳೇ ತೆರೆದು ನೋಡಬೇಕೆಂದರೆ ಬಿಡಿ. ನೆರವಿನ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವಾಗ, ಸಾಲವನ್ನೂ ನೆರವಿನ ಮೊತ್ತದಲ್ಲಿ ಸೇರಿಸಿ ತೋರಿಸುವ ಕಾಲೇಜುಗಳಿವೆ ಎಂಬುದು ನೆನಪಿರಲಿ. ಸಾಲ ಕಳೆದು ಉಳಿದದ್ದನ್ನಷ್ಟೇ ಹೋಲಿಸಿ. ಆದಾಯ ಕುಸಿದಿದ್ದರೆ, ಆಸ್ಪತ್ರೆಯ ದೊಡ್ಡ ಖರ್ಚು ಬಂದಿದ್ದರೆ ಮರುಪರಿಶೀಲನೆ ಕೇಳುವುದರಲ್ಲಿ ಸಂಕೋಚ ಬೇಡ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಒಪ್ಪಿಗೆ ತಿಳಿಸಿ ಠೇವಣಿ ಕಟ್ಟಬೇಕು. ಯೋಚಿಸಲು ಸಮಯ ಸಿಗಲೆಂದು ಎರಡು ಕಡೆ ಕಟ್ಟುವವರಿದ್ದಾರೆ, ಅದು ಸಲ್ಲದು. ಕಾಯುವ ಪಟ್ಟಿಯಲ್ಲಿದ್ದರೆ ಮಾತ್ರ ಒಂದು ಕಡೆ ಠೇವಣಿ ಕಟ್ಟಿ ಇನ್ನೊಂದು ಕಡೆ ಕಾಯಬಹುದು. ಹನ್ನೆರಡನೆಯ ತರಗತಿಯ ಅಂತಿಮ ಅಂಕಪಟ್ಟಿಯೂ ಕಾಲೇಜಿಗೆ ಹೋಗುತ್ತದೆ, ತೀರಾ ಕುಸಿದಿದ್ದರೆ ಕೊಟ್ಟ ಸೀಟನ್ನು ಹಿಂಪಡೆಯುವುದುಂಟು. ಏಪ್ರಿಲ್‌ನಲ್ಲಿ ನನ್ನ ತರಗತಿಯ ಹಿಂದಿನ ಸಾಲು ಮಲಗಿರುವುದನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

— ಶಿಕ್ಷಕಿ, ಮೇರಿಲ್ಯಾಂಡ್